ಕತ್ತಿ ಬಿಚ್ಚಿರುವಾಗ

ನಮ್ಮ ಮನೆಯಲ್ಲಿ ಕತ್ತಿ ಬಿಚ್ಚಿರುವಾಗ ಯಾರೂ ಮಾತಾಡುವಂತಿಲ್ಲ. ಇದು ಅಜ್ಜ ಮಾಡಿದ ಕಟ್ಟಳೆ. ಮುಂದಿನ ಕೋಣೆ ಸಲೂನು, ಹಿಂದಿನದು ಅಡುಗೆಮನೆ, ನಡುವೆ ಒಂದು ಪರದೆ. ಮುಂದೆ ಗಿರಾಕಿಯ ಗಂಟಲ ಮೇಲೆ ಅಲಗು ಇದ್ದಾಗ ಹಿಂದೆ ಒಂದು ಲೋಟ ಕೂಡ ಬೀಳಬಾರದು, ಯಾರೂ ಯಾರನ್ನೂ ಕರೆಯಬಾರದು. ಅನ್ನ ಸೀದರೆ ಸೀಯಲಿ. ಅಲಗು ಮಡಚಿಕೊಂಡು ಹಿಡಿಯೊಳಗೆ ಕೂತು ಟಿಕ್ ಅಂದ ಮೇಲೆಯೇ ಮಾತು. ಹದಿಮೂರಕ್ಕೆ ಶಾಲೆ ಬಿಟ್ಟು ಅಂಗಡಿಗೆ ಬಂದ ಮೊದಲ ದಿನ ನಾನು "ಅಪ್ಪಾ, ಟವೆಲ್ ಎಲ್ಲಿ" ಎಂದು ಕೇಳಿಬಿಟ್ಟೆ. ಅಪ್ಪ ಗಡ್ಡ ಮುಗಿಸಿದ, ಕತ್ತಿ ಮಡಿಸಿದ, ಗಿರಾಕಿಯನ್ನು ಬಾಗಿಲವರೆಗೆ ಕಳಿಸಿ ಬಂದ, ಆಮೇಲೆ ನನ್ನ ಕೆನ್ನೆಗೆ ಒಂದು ಬಿಗಿದ. "ಟವೆಲ್ ಮೊಳೆಗೆ ನೇತಾಕಿದೆ" ಅಂದ.

ಇದನ್ನು ಮೊದಲೇ ಯಾಕೆ ಹೇಳಿದೆನೆಂದರೆ, ನಮ್ಮನ್ನು ಕೆಡಿಸಿದ್ದು ಈ ಕಟ್ಟಳೆಯೇ.

ಅಪ್ಪನಿಗೆ ಬೀದಿಯಲ್ಲಿ ಹೂಗತ್ತಿ ಎಂದು ಹೆಸರು. ಅವನ ಕತ್ತಿ ಕೆನ್ನೆಯ ಮೇಲೆ ಹೂವು ಸವರಿದ ಹಾಗೆ ಹೋಗುತ್ತದೆ ಎಂದು ಗಿರಾಕಿಗಳು ಇಟ್ಟದ್ದು. ಪಕ್ಕದ ರಸ್ತೆಯಲ್ಲಿ ಮೆಷಿನ್ನು, ಏಸಿ, ಗೋಡೆಯಷ್ಟು ಕನ್ನಡಿ ಇರುವ ಎರಡು ಅಂಗಡಿ ಬಂದರೂ ಗಡ್ಡಕ್ಕೆ ಜನ ನಮ್ಮಲ್ಲಿಗೇ ಬರುತ್ತಿದ್ದರು. ನಾನು ತಲೆ, ಅಪ್ಪ ಗಡ್ಡ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವನು ಆ ಕತ್ತಿಯನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ಕೇಳಿದರೆ, "ನಿಂಗೆ ಕೋಪ ಜಾಸ್ತಿ. ಕೋಪದ ಕೈಗೆ ಇನ್ನೊಬ್ಬರ ಗಂಟಲು ಕೊಡಲ್ಲ" ಅನ್ನುತ್ತಿದ್ದ. ಅದಕ್ಕೆ ನನಗೆ ಇನ್ನಷ್ಟು ಕೋಪ ಬರುತ್ತಿತ್ತು.

ಮೊದಲು ನೋಡಿದವಳು ಅಮ್ಮ. ಒಂದು ಬೆಳಿಗ್ಗೆ ಅಪ್ಪ ಚಹಾ ಮಾಡಲು ಹೋಗಿ ಒಲೆಯ ಗುಂಡಿ ತಿರುಗಿಸಿದ. ಬೆಂಕಿಪೊಟ್ಟಣ ಕೈಯಲ್ಲೇ ಇತ್ತು. ಕಡ್ಡಿ ತೆಗೆದ. ಅದನ್ನು ಪೊಟ್ಟಣಕ್ಕೆ ಗೀರುವ ಬದಲು ಪೊಟ್ಟಣವನ್ನೇ ಒಲೆಗೆ ಉಜ್ಜಿದ. ಮತ್ತೆ ಉಜ್ಜಿದ. ಕಡ್ಡಿಯನ್ನು ಅಂಗೈಗೆ ಗೀರಿ ನೋಡಿದ. ಗ್ಯಾಸು ಸುಸ್ ಎನ್ನುತ್ತಲೇ ಇತ್ತು. ಅಮ್ಮ ಹೋಗಿ ಗುಂಡಿ ಮುಚ್ಚಿ, ಕಿಟಕಿ ತೆರೆದು, "ನೀವು ಕೂತ್ಕೊಳ್ಳಿ, ನಾನು ತರ್ತೀನಿ" ಅಂದಳು. ಅಷ್ಟೇ. ನನಗೆ ಹೇಳಲಿಲ್ಲ, ಅಕ್ಕನಿಗೆ ಹೇಳಲಿಲ್ಲ. ಅವತ್ತಿನಿಂದ ಬೆಂಕಿಪೊಟ್ಟಣ ಅವಳ ಸೊಂಟದಲ್ಲಿ.

ಎರಡನೆಯವಳು ಅಕ್ಕ. ಪಾರ್ಸೆಲ್ ಕಚೇರಿಯಲ್ಲಿ ದಿನವಿಡೀ ಸೀಲು ಹೊಡೆಯುವ ಕೆಲಸ ಅವಳದು. ಒಂದು ದಿನ ಕೆಲಸಕ್ಕೆ ಹೊರಡುವಾಗ ಅಪ್ಪ ಅಂಗಿಯ ತೋಳಿಗೆ ತಲೆ ತೂರಿಸಿಕೊಂಡು ನಿಂತಿದ್ದನ್ನು ನೋಡಿದಳಂತೆ. ಬಿಡಿಸಿ, ಸರಿಯಾಗಿ ಹಾಕಿ, ಗುಂಡಿ ಹಚ್ಚಿ, ಬಸ್ಸು ಹಿಡಿದಳು. ಅವಳೂ ಹೇಳಲಿಲ್ಲ.

ಮೂರನೆಯವನು ಅಜ್ಜ. ಎಂಬತ್ತೆರಡು ವರ್ಷ, ಕಣ್ಣಿಗೆ ಮಂಜು, ಕಿವಿ ಮಾತ್ರ ಹರೆಯದ್ದು. ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು ಶಬ್ದದಲ್ಲೇ ಅಂಗಡಿ ನಡೆಸುತ್ತಾನೆ. ಮಸೆಯುವಾಗ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು, ಪಟ್ಟಿಯ ತುದಿ ಮುಟ್ಟಿದಾಗ ಕತ್ತಿಯ ಬೆನ್ನಿನ ಮೇಲೆ ಹೊರಳಿಸಬೇಕು. ಹೊರಳಿಸದೆ ಹಾಗೇ ಹಿಂದಕ್ಕೆ ತಳ್ಳಿದರೆ ಅಲಗು ಚರ್ಮವನ್ನು ಕಚ್ಚುತ್ತದೆ. ಆ ಕಚ್ಚಿದ ಶಬ್ದ ಅಜ್ಜನಿಗೆ ಕೇಳಿಸಿತ್ತು. ಅವನೂ ಸುಮ್ಮನಿದ್ದ.

ನಾಲ್ಕನೆಯವನು ನಾನು. ಅವತ್ತು ಕುರ್ಚಿಯಲ್ಲಿ ಲೆಕ್ಕದ ಮೇಷ್ಟ್ರು, ನನ್ನನ್ನು ಏಳನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರೇ. ಅಪ್ಪ ಸೋಪಿನ ಬ್ರಷ್ಷನ್ನು ನೀರಿಗೆ ಅದ್ದಿ ಗೀರು ಬಿದ್ದರೆ ರಕ್ತ ನಿಲ್ಲಿಸುವ ಪಟಿಕದ ಕಲ್ಲಿನ ಮೇಲೆ ತಿಕ್ಕಲು ಶುರು ಮಾಡಿದ. ನೊರೆ ಬರಲಿಲ್ಲ. ಬ್ರಷ್ಷನ್ನೇ ನೋಡುತ್ತ ನಿಂತ. ನಾನು ಸೋಪಿನ ಬಟ್ಟಲನ್ನು ಮೆಲ್ಲಗೆ ಅವನ ಕೈಯ ಕೆಳಗೆ ಸರಿಸಿದೆ. ಆಮೇಲೆ ಕತ್ತಿ ಎತ್ತಿಕೊಂಡ. ಅಲಗು ಮೇಲೆ, ಬೆನ್ನು ಕೆಳಗೆ. ಮೇಷ್ಟ್ರು ಕಣ್ಣು ಮುಚ್ಚಿ, "ಹೂಂ, ಹೊಡಿಯಪ್ಪ" ಎಂದು ಗದ್ದ ಎತ್ತಿದರು. ಆ ಗದ್ದ ಎತ್ತಿದ್ದೇ ತಡ, ಅಪ್ಪನ ಬೆರಳುಗಳು ತಾವೇ ಕತ್ತಿಯನ್ನು ಹೊರಳಿಸಿಕೊಂಡವು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು, ಒಂದು ಗೀರು ಇಲ್ಲ. ಮೇಷ್ಟ್ರು ಕೆನ್ನೆ ಸವರಿಕೊಂಡು, "ನಿನ್ನ ಮಗ ಇದನ್ನಾದರೂ ಕಲಿತಾನಾ?" ಎಂದು ಕೇಳಿದರು.

ಕತ್ತಿ ಮಡಿಸಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಸರಿಹೋಯಿತಲ್ಲ ಎಂದುಕೊಂಡೆ. ಮೊದಲು ತಪ್ಪುತ್ತಿತ್ತು, ಆಮೇಲೆ ಕೈ ತಾನೇ ದಾರಿ ಹಿಡಿಯುತ್ತಿತ್ತು. ಹೀಗೆ ಮೂರು ವಾರ. ಪ್ರತಿ ಗಡ್ಡಕ್ಕೂ ನಾನು ಉಸಿರು ಹಿಡಿದೆ. ನನ್ನ ಕೈಯಲ್ಲಿದ್ದ ತಲೆಗಳು ಕುರಿ ಮೇದ ಹಾಗೆ ಆದವು.

ಒಂದು ಊಟದ ಹೊತ್ತಿಗೆ ಅಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆಯೂ ಗಂಜಿ ಇತ್ತು. ಅಪ್ಪ ಚಮಚದ ಹಿಡಿಯಿಂದ ಗಂಜಿ ಎತ್ತುತ್ತಿದ್ದ. ಅದು ಜಾರಿ ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದ.

"ಅಪ್ಪ, ಚಮಚ ತಿರುಗಿಸು" ಅಂದಳು ಅಕ್ಕ.

"ಗೊತ್ತಿದೆ."

"ಗೊತ್ತಿದ್ರೆ ತಿರುಗಿಸು."

ಅಪ್ಪ ತಿರುಗಿಸಿದ. ಚಮಚ ಪೂರ್ತಿ ಒಂದು ಸುತ್ತು ಸುತ್ತಿ ಮತ್ತೆ ಹಿಡಿಯೇ ಕೆಳಗೆ ಬಂತು.

"ಕುಡೀತಾ ಇದ್ದೀಯಾ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ್ವೇ" ಅಂದಳು ಅಮ್ಮ.

"ಕುಡಿದಿದ್ರೆ ನಂಗೂ ಒಂಚೂರು ತಂದಿರ್ತಿದ್ದ" ಅಂದ ಅಜ್ಜ. "ಅಷ್ಟು ಕಟುಕ ಅಲ್ಲ ನನ್ನ ಮಗ."

ಅಪ್ಪ ಚಮಚ ಇಟ್ಟು ಎದ್ದ. ಮರುದಿನದಿಂದ ಅಮ್ಮ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕೈಯಲ್ಲೇ ತಿನ್ನುವಂಥದ್ದು ಮಾಡತೊಡಗಿದಳು. ಅಜ್ಜ ಹಲ್ಲಿಲ್ಲದ ಬಾಯಲ್ಲಿ ಬ್ರೆಡ್ಡು ಜಗಿಯುತ್ತ, "ಸೊಸೆಗೆ ನನ್ನ ಮೇಲೆ ಯಾವ ಕಾಲದ ಸಿಟ್ಟೋ" ಎಂದು ಗೊಣಗಿದ. ಯಾಕೆ ಹೀಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಂಚೆಯವನ ಸರದಿ ಬಂದದ್ದು ಮುಂದಿನ ವಾರ. ಹಸನ್ಮುಖಿ ಮನುಷ್ಯ, ಚೀಲ ಬಾಗಿಲಲ್ಲಿಟ್ಟು ಕೂತ. ಅಪ್ಪ ಸೋಪು ಹಚ್ಚಿದ, ಬಲಗೆನ್ನೆ ತೆಗೆದ, ಎಲ್ಲ ಸರಿಯಾಗಿಯೇ ಇತ್ತು. ಗದ್ದದ ಕೆಳಗೆ ಬಂದಾಗ ಕೈ ನಿಂತಿತು. ಚರ್ಮದ ಮೇಲೆ ಒರಗಿ ಮಲಗಬೇಕಾದ ಅಲಗು ಎದ್ದು ನೆಟ್ಟಗೆ ನಿಂತಿತು, ಬ್ರೆಡ್ಡಿನ ಮೇಲೆ ಚಾಕು ನಿಂತ ಹಾಗೆ. ನಾನು ಕನ್ನಡಿಯಲ್ಲಿ ನೋಡಿದೆ. ಇನ್ನು ಎಳೆದರೆ ಮುಗಿಯಿತು.

"ಅಪ್ಪ, ಕತ್ತಿ ಮಲಗಿಸು."

ಒಂಬತ್ತು ವರ್ಷದಲ್ಲಿ ಎರಡನೇ ಸಲ ಬಾಯಿ ಬಿಟ್ಟಿದ್ದೆ. ಮಾತು ಬಿದ್ದದ್ದೇ ಅಪ್ಪನ ಕೈ ಗಲಿಬಿಲಿಗೊಂಡಿತು. ಮಲಗಿಸಲು ಹೋಗಿ ಮಣಿಕಟ್ಟು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿತು, ಮೊಣಕೈ ಎದ್ದಿತು. ಅಂಚೆಯವನ ದವಡೆಯ ಕೆಳಗೆ ಬೆರಳುದ್ದ ಕೆಂಪು ಗೆರೆ ಮೂಡಿತು. ಆಮೇಲೆ ಆ ಗೆರೆ ಬಾಯಿ ಬಿಟ್ಟಿತು.

ಆಳಕ್ಕೆ ಹೋಗಿರಲಿಲ್ಲ. ಪಟಿಕ ಒತ್ತಿದೆ, ಬಟ್ಟೆ ಒತ್ತಿದೆ, ಮೂಲೆಯ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದೆ, ನಾಲ್ಕು ಹೊಲಿಗೆ. ಅಂಚೆಯವನು ಬಿಳಚಿಕೊಂಡು, "ಇನ್ನೊಂದು ಬೆರಳು ಕೆಳಗಾಗಿದ್ರೆ ನನ್ನ ಕಾಗದ ಬೇರೆಯವರು ಹಂಚಬೇಕಿತ್ತು" ಅಂದ. ನಗಲಿಕ್ಕೆ ಹೇಳಿದ್ದು.

ಮನೆಗೆ ಬಂದರೆ ಅಜ್ಜ ಕಾಯುತ್ತಿದ್ದ. "ಕತ್ತಿ ಬಿಚ್ಚಿದ್ದಾಗ ಮಾತಾಡಿದ್ದು ಯಾರು?"

"ನಾನು. ಮಾತಾಡದಿದ್ರೆ ಅವನ ಕತ್ತು ಹೋಗ್ತಿತ್ತು."

"ಮಾತಾಡಿದ್ದಕ್ಕೇ ಕೊಯ್ದದ್ದು."

"ಅಜ್ಜ, ನಿಂಗೆ ಕಣ್ಣು ಕಾಣಲ್ಲ. ಅಪ್ಪನ ಕೈ ಕೆಟ್ಟಿದೆ."

"ಕಣ್ಣು ಕಾಣದಿದ್ರೇನು. ಪಟ್ಟಿ ಕೊಯ್ಯೋದು ಒಂದು ತಿಂಗಳಿಂದ ಕೇಳ್ತಿದೀನಿ."

ನಾನು ಅವನನ್ನೇ ನೋಡಿದೆ. "ಒಂದು ತಿಂಗಳಿಂದ? ಹೇಳಲಿಲ್ಲ ಯಾಕೆ?"

ಅಪ್ಪ ಆ ಕಡೆ ರಕ್ತದ ಬಟ್ಟೆಯನ್ನು ಮಡಿಸಲು ನೋಡುತ್ತಿದ್ದ. ನಾಲ್ಕು ಮೂಲೆಗಳಲ್ಲಿ ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಅಕ್ಕ ರಜೆ ಹಾಕಿದಳು. ದೊಡ್ಡಾಸ್ಪತ್ರೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕಾದ ಮೇಲೆ ಒಬ್ಬ ಡಾಕ್ಟರಮ್ಮ ಒಳಗೆ ಕರೆದರು. "ನನ್ನ ಬೆರಳು ಹಿಂಡಿ" ಅಂದರು. ಅಪ್ಪ ಹಿಂಡಿದ. ಅವರು ನೋವಿನಿಂದ ಕೈ ಒದರಿಕೊಂಡರು. ಪೆನ್ನು ತೋರಿಸಿ ಇದೇನು ಅಂದರು. "ಪೆನ್ನು." ಏನಕ್ಕೆ? "ಬರೆಯೋಕೆ. ಅಷ್ಟೂ ಗೊತ್ತಿಲ್ವಾ ನಂಗೆ?" ಬರೀರಿ ಅಂದರು. ಅಪ್ಪ ಪೆನ್ನನ್ನು ತಲೆಕೆಳಗಾಗಿ ಹಿಡಿದು ಕಾಗದ ಕೆರೆದ.

"ಗಡ್ಡ ಹೇಗೆ ತೆಗೀತೀರಿ, ಬರೀ ಕೈಯಲ್ಲಿ ಮಾಡಿ ತೋರಿಸಿ."

ನಲವತ್ತು ವರ್ಷ ಊರಿನ ಗಡ್ಡ ತೆಗೆದವನು ತೋರುಬೆರಳನ್ನೇ ಕತ್ತಿಯಂತೆ ಚಾಚಿ, ತನ್ನ ಕೆನ್ನೆಯ ಮೇಲೆ ಉಗುರಿನಿಂದ ಎಳೆದುಕೊಂಡ.

"ಟಾಟಾ ಮಾಡಿ."

ಕೈ ಎದ್ದು ತಲೆಯ ಮೇಲೆ ಹೋಗಿ ಕೂತಿತು. ಅಪ್ಪನ ಹಣೆಯಲ್ಲಿ ಬೆವರು. ಅಕ್ಕ ಗೋಡೆಯ ಕಡೆ ತಿರುಗಿದಳು.

ತಲೆಯ ಚಿತ್ರ ತೆಗೆಸಿದ ಮೇಲೆ ಡಾಕ್ಟರಮ್ಮ ಅಪ್ಪನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ ಹೇಳಿದರು. ಮಿದುಳಿನ ಎಡಗಡೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು, ಸುಮಾರು ಎರಡು ತಿಂಗಳಾಗಿರಬೇಕು. ಇದಕ್ಕೆ ಅಪ್ರಾಕ್ಸಿಯಾ ಅನ್ನುತ್ತಾರೆ. "ಕೈಗೆ ಬಲ ಇದೆ. ಏನು ಮಾಡಬೇಕು ಅನ್ನೋದು ತಲೆಗೂ ಗೊತ್ತಿದೆ. ಕಲಿತ ಕೆಲಸ ತಲೆಯಿಂದ ಕೈಗೆ ಇಳಿದು ಬರೋ ದಾರಿ ಕೆಟ್ಟಿದೆ. ತಾನಾಗಿ ಬಂದ್ರೆ ಬರುತ್ತೆ. ಮಾಡು ಅಂತ ಹೇಳಿದ್ರೆ, ಅಥವಾ ಅವರೇ ಮಾಡಬೇಕು ಅಂತ ಯೋಚಿಸಿದ್ರೆ ತಪ್ಪುತ್ತೆ. ಹಟ ಅಲ್ಲ, ಮರೆವಲ್ಲ, ನಾಟಕವೂ ಅಲ್ಲ."

"ವಾಸಿ ಆಗುತ್ತಾ?" ಅಕ್ಕ ಕೇಳಿದಳು.

"ಅಭ್ಯಾಸ ಮಾಡಿಸಿದ್ರೆ ಕೆಲವು ವಾಪಸ್ ಬರುತ್ತೆ. ಉಣ್ಣೋದು, ಉಡೋದು. ಆಗಲೇ ಬಂದಿದ್ರೆ ಚೆನ್ನಾಗಿತ್ತು. ಅಲಗು ಇರೋದು ಮಾತ್ರ ಕೈಗೆ ಕೊಡಬೇಡಿ."

ಆಸ್ಪತ್ರೆಯಿಂದ ಹೊರಡುವಾಗ ಯಾರದೋ ತೋಳಿನಲ್ಲಿದ್ದ ಮಗು ಅಪ್ಪನಿಗೆ ಕೈ ಬೀಸಿತು. ಅಪ್ಪ ತಿರುಗಿ ಕೈ ಬೀಸಿದ. ಸರಿಯಾಗಿ, ನಗುತ್ತ. ನನಗೆ ಆ ಕೈಯನ್ನು ಹಿಡಿದು ಮುರಿಯಬೇಕು ಅನ್ನಿಸಿತು. ಆಮೇಲೆ ಎಷ್ಟೋ ಹೊತ್ತು ಅದನ್ನು ಹಿಡಿದುಕೊಂಡೇ ನಡೆದೆ.

ಮನೆಯಲ್ಲಿ ಎಲ್ಲ ಹೊರಗೆ ಬಿತ್ತು. ಒಲೆ, ಅಂಗಿ, ಚರ್ಮದ ಪಟ್ಟಿ. ಕೊನೆಗೆ ಅಮ್ಮ ಪಾತ್ರೆ ಉಜ್ಜುತ್ತಲೇ ಹೇಳಿದಳು: "ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಲಗೈ ಜೋಮು ಹಿಡಿದಿದೆ ಅಂದ್ರು. ಒಂದು ಕಡೆ ಬಾಯಿ ಸೊಟ್ಟಗಾಗಿತ್ತು. ನಾನು ಕರೀಬೇಕು ಅಂತ ಪರದೆ ಹತ್ರ ಬಂದೆ. ಅಷ್ಟರಲ್ಲಿ ಕತ್ತಿ ಬಿಚ್ಚಿದ್ರು. ಮುಗೀಲಿ ಅಂತ ನಿಂತೆ. ಒಬ್ಬರಾದ ಮೇಲೆ ಒಬ್ಬರು ಬಂದ್ರು. ಮಧ್ಯಾಹ್ನಕ್ಕೆ ಬಾಯಿ ಸರಿಯಾಗಿತ್ತು."

"ನಿಂತಿದ್ದೆ. ನೀನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪರದೆ ಹಿಡ್ಕೊಂಡು ನಿಂತಿದ್ದೆ" ಅಂದೆ.

"ನೀನು ಅಂಗಡಿಯೊಳಗೇ ಇದ್ದೆಯಲ್ಲೋ. ನಿನ್ನ ಕಣ್ಣು ಎಲ್ಲಿ ಬಾಡಿಗೆಗೆ ಹೋಗಿತ್ತು?" ಅಂದಳು ಅಕ್ಕ.

"ನೀನು ಅಂಗಿ ಹಾಕಿ ಬಸ್ ಹತ್ತಿದವಳು."

"ನಿಲ್ಲಿಸಿ" ಅಂದ ಅಪ್ಪ. ಅವನು ಬಾಗಿಲಲ್ಲಿ ನಿಂತಿದ್ದ. "ನಾನಿನ್ನೂ ಸತ್ತಿಲ್ಲ. ನಾಳೆ ಅಂಗಡಿ ತೆಗೀಬೇಕು. ಕತ್ತಿ ಎಲ್ಲಿ?"

ಕೈಗೆ ಕೊಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವನ ಮುಖಕ್ಕೆ ಹೇಳುವವರು ಯಾರು? ಅಕ್ಕ ನನ್ನನ್ನು ನೋಡಿದಳು, ನಾನು ಅಜ್ಜನನ್ನು. "ಕೊಟ್ಟವನು ನಾನು. ಕಿತ್ಕೊಳ್ಳೋದು ನನ್ನ ಕೈಲಾಗಲ್ಲ" ಅಂದ ಅಜ್ಜ. ಅಮ್ಮ ಕತ್ತಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿದ್ದಳು.

ನಾಲ್ಕು ದಿನ ಅಪ್ಪ ಹುಡುಕಿದ. ಕಪಾಟಿನ ಬಾಗಿಲನ್ನು ಎಳೆಯುವ ಬದಲು ತಳ್ಳಿದ, ಡಬ್ಬಿಗಳ ಮುಚ್ಚಳವನ್ನು ತಿರುಗಿಸುವ ಬದಲು ಬಡಿದ. ಅಂಗಡಿಯಲ್ಲಿ ಗಡ್ಡದ ಗಿರಾಕಿಗಳಿಗೆ ನಾನು ಕತ್ತಿ ಸಾಣೆಗೆ ಹೋಗಿದೆ ಎಂದು ಸುಳ್ಳು ಹೇಳಿ ಕಳಿಸಿದೆ. ಐದನೆಯ ದಿನ ಅಪ್ಪ ಅಡುಗೆಮನೆಯ ಚಾಕು ತಂದು ಚರ್ಮದ ಪಟ್ಟಿಯ ಮೇಲೆ ಎಳೆಯತೊಡಗಿದ. ಅಮ್ಮ ಬರುವಷ್ಟರಲ್ಲಿ ಎರಡು ಬೆರಳು ಕೊಯ್ದಿತ್ತು. ಅವಳು ಬಟ್ಟೆ ಸುತ್ತಿದಳು. ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ. "ಎಲ್ಲಿಟ್ಟಿದ್ದೀಯ ಅಂತ ಹೇಳೇ" ಎಂದ. ಆ ದನಿ ನಾನು ಕೇಳಿದ್ದೇ ಇಲ್ಲ.

ಮರುದಿನ ಅಂಗಡಿಗೆ ರಜೆ. ಬೆಳಿಗ್ಗೆ ಎದ್ದು ನೋಡಿದರೆ ಕತ್ತಿ ಕನ್ನಡಿಯ ಮುಂದೆ, ಎಂದಿನ ಜಾಗದಲ್ಲಿ. ಹಿಡಿಯ ಸಂದಿನಲ್ಲಿ ಒಂದು ಅಕ್ಕಿಕಾಳು.

"ಏನಮ್ಮ ಇದು?"

"ಕೈಯಲ್ಲಿದ್ರೆ ಹೆದರಿಕೆ. ಇಲ್ಲದಿದ್ರೆ ಅವರೇ ಇಲ್ಲ. ನಾನೇನು ಮಾಡ್ಲಿ ಹೇಳು" ಅಂದಳು ಅಮ್ಮ.

ಅಪ್ಪ ಆಗಲೇ ಕುರ್ಚಿಯ ಹಿಂದೆ ನಿಂತಿದ್ದ. ಎದುರಿಗೆ ಬಿಳಿ ಬಟ್ಟೆ ಹೊದ್ದು, ಗದ್ದ ಎತ್ತಿ ಅಜ್ಜ ಕೂತಿದ್ದ.

"ಏಳು ಅಜ್ಜ."

"ಎಂಬತ್ತೆರಡು ಆಯ್ತು. ಹೋದ್ರೆ ಹಳೇ ಕತ್ತು ತಾನೆ" ಅಂದ ಅಜ್ಜ.

"ಏಳು ಅಂದೆ."

ಅವನನ್ನು ಎತ್ತಿ ಪಕ್ಕಕ್ಕೆ ಕೂರಿಸಿ ನಾನು ಕೂತೆ. ಯಾಕೆ ಕೂತೆನೋ. ಅಜ್ಜನ ಸಡಿಲ ಚರ್ಮದ ಮೇಲೆ ಒಮ್ಮೆ ತಪ್ಪಿದರೆ ಹೊಲಿಗೆಗೂ ಸಿಗುವುದಿಲ್ಲ ಎಂದು ಒಂದು ಲೆಕ್ಕ. ಕತ್ತಿ ಎತ್ತಿಕೊಳ್ಳುವಾಗ ಕೈ ಹಿಡಿಯಬಹುದು ಎಂದು ಇನ್ನೊಂದು. ಆದರೆ ಅಪ್ಪ ಬಿಳಿ ಬಟ್ಟೆಯನ್ನು ನನ್ನ ಕುತ್ತಿಗೆಗೆ ಕಟ್ಟಿದ, ಒಂದೇ ಸಲಕ್ಕೆ, ಗಂಟು ಸರಿಯಾಗಿ. ಸೋಪು ನೊರೆ ಬಂತು. ನಾನು ಕೈ ಹಿಡಿಯಲಿಲ್ಲ.

ಕತ್ತಿ ಬಿಚ್ಚಿಕೊಂಡಿತು. ಮನೆಯಲ್ಲಿ ಮಾತು ನಿಂತಿತು.

ಕನ್ನಡಿಯಲ್ಲಿ ಎಲ್ಲರೂ ಕಾಣುತ್ತಿದ್ದರು. ಪರದೆ ಹಿಡಿದ ಅಮ್ಮ, ಅವಳ ಹಿಂದೆ ಅಕ್ಕ, ಕಿವಿ ಈ ಕಡೆ ತಿರುಗಿಸಿದ ಅಜ್ಜ. ಬಲಗೆನ್ನೆ ಹೋಯಿತು. ಎಡಗೆನ್ನೆ. ಹೂವೇ ಸರಿ. ಆ ಕತ್ತಿ ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಅಂದಿತು. ಸೀದ ವಾಸನೆ ಬಂತು. ಅಮ್ಮ ಕದಲಲಿಲ್ಲ.

ಅಪ್ಪ ನನ್ನ ಗದ್ದ ಎತ್ತಿದ. ಅಲಗು ದವಡೆ ದಾಟಿ ಕೆಳಗೆ ಇಳಿಯಿತು, ಗಂಟಲಿನ ಉಬ್ಬಿನವರೆಗೆ ಬಂದು ನಿಂತಿತು.

ನಿಂತೇ ಇತ್ತು.

ಕನ್ನಡಿಯಲ್ಲಿ ನೋಡಿದೆ. ಅಲಗು ಮೆಲ್ಲಗೆ ಏಳುತ್ತಿತ್ತು. ಮಲಗಿದ್ದದ್ದು ಓರೆಯಾಯಿತು, ಓರೆಯಾದದ್ದು ನೆಟ್ಟಗಾಯಿತು, ಅಂಚೆಯವನ ಗಂಟಲ ಮೇಲೆ ನಿಂತ ಹಾಗೆ. ಅದರ ತಣ್ಣನೆಯ ಗೆರೆ ನನಗೆ ಗೊತ್ತಾಗುತ್ತಿತ್ತು. ಮಲಗಿಸು ಎನ್ನುವ ಮಾತು ಅದರ ಹಿಂದೆಯೇ, ಒಂದು ಕೂದಲೆಳೆ ಒಳಗೆ ನಿಂತಿತ್ತು. ಹೇಳಿದರೆ ಕೊಯ್ಯುತ್ತದೆ. ನುಂಗಿದರೂ ಉಬ್ಬು ಏರಿ ಅಲಗಿಗೆ ತಾಗುತ್ತದೆ. ಉಸಿರೂ ತೆಗೆದುಕೊಳ್ಳಲಿಲ್ಲ. ಅಪ್ಪನ ಕಣ್ಣು ನೋಡಿದೆ. ಅವನು ನನ್ನ ಗಂಟಲನ್ನು ನೋಡುತ್ತಿರಲಿಲ್ಲ, ತನ್ನ ಕೈಯನ್ನು ನೋಡುತ್ತಿದ್ದ, ಮನೆಯೊಳಗೆ ಬಂದ ಅಪರಿಚಿತನನ್ನು ನೋಡುವ ಹಾಗೆ. ಅಷ್ಟು ಹೆದರಿದ ಮುಖ ನಾನು ನೋಡಿಲ್ಲ.

ಕತ್ತಿ ಮೇಲಕ್ಕೆದ್ದು ದೂರ ಹೋಯಿತು. ಅವನೇ ಎತ್ತಿದನೋ ಕೈಯೇ ಎತ್ತಿತೋ ಗೊತ್ತಿಲ್ಲ.

ಅಪ್ಪ ಅದನ್ನು ಮಡಿಸಲು ಹೋದ. ಹೆಬ್ಬೆರಳು ಅಲಗಿನ ದಾರಿಗೇ ಅಡ್ಡ ಬಂತು. ತೆಗೆದು ಮತ್ತೆ ಹೋದ. ಮತ್ತೆ ಅಡ್ಡ ಬಂತು. ಮೂರನೇ ಸಲ ಹಿಡಿಯನ್ನೇ ಹಿಂದುಮುಂದಾಗಿ ಒತ್ತಿದ. ಮಡಿಸುವವರೆಗೆ ಯಾರೂ ಮಾತಾಡುವಂತಿಲ್ಲ, ಅವನಿಗೆ ಮಡಿಸಲು ಬರುತ್ತಿಲ್ಲ. ನಾವು ಐದು ಜನ ಇದ್ದಲ್ಲೇ ಉಳಿದೆವು. ಹಾಲು ಸೀಯುತ್ತಿತ್ತು.

ಕೊನೆಗೆ ಅವನು ಕತ್ತಿಯನ್ನು ನನ್ನ ಕಡೆ ಚಾಚಿದ. ಅಲಗು ತನ್ನ ಕಡೆಗೆ, ಹಿಡಿ ನನ್ನ ಕಡೆಗೆ, ಕಸುಬಿನವರು ಒಬ್ಬರಿಗೊಬ್ಬರು ಕೊಡುವ ಹಾಗೆ. ಅದು ಮಾತ್ರ ತಪ್ಪಲಿಲ್ಲ. ನಾನು ತೆಗೆದುಕೊಂಡು ಮಡಿಸಿದೆ. ಟಿಕ್ ಅಂದಿತು.

ಅಮ್ಮ ಓಡಿಹೋಗಿ ಒಲೆ ಆರಿಸಿದಳು. ಪಾತ್ರೆ ಇಳಿಸಿದ ಸದ್ದು, ಅಕ್ಕ ಮೂಗು ಒರೆಸಿಕೊಂಡ ಸದ್ದು. "ಪೂರ್ತಿ ಆಗಿಲ್ಲ. ಅರ್ಧಕ್ಕೇ ನಿಂತಿತು" ಅಂದ ಅಜ್ಜ.

ಅಪ್ಪ ಅಜ್ಜನ ಪಕ್ಕದ ಸ್ಟೂಲಿನ ಮೇಲೆ ಕೂತ. ಬಟ್ಟೆ ಸುತ್ತಿದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಉಳಿದದ್ದು ನೀನೇ ತಗೋ" ಅಂದ.

"ನಂಗೆ ಕೋಪ ಜಾಸ್ತಿ ಅಂತಿದ್ದೆ."

"ಈಗಲೂ ಇದೆಯಾ?"

ನಾನು ಕೈ ನೋಡಿಕೊಂಡೆ.

"ಇಲ್ಲ. ಹೆದರಿಕೆ ಇದೆ."

"ಅಷ್ಟಿದ್ರೆ ಸಾಕು" ಅಂದ ಅಪ್ಪ. "ನಂಗೂ ದಿನಾ ಇತ್ತು."

ನಾನು ಕನ್ನಡಿಗೆ ತಿರುಗಿ, ಗದ್ದ ಎತ್ತಿ, ಕತ್ತಿ ಬಿಚ್ಚಿದೆ. ಮನೆ ಸುಮ್ಮನಾಯಿತು.